ಜೊತೆಯಾಗಿ ಸಿಗರೇಟ್ ಬಿಟ್ಟವರಲ್ಲಿ ಒಬ್ಬರು ಮತ್ತೆ ಸೇದಿದರೆ

ಪ್ರಶ್ನೆ: ನನಗೆ 41 ವರ್ಷ. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಸಿಎನ್‌ಸಿ ಯಂತ್ರ ನಡೆಸುತ್ತೇನೆ. ಹದಿನೆಂಟು ವರ್ಷದಿಂದ ಸಿಗರೇಟ್ ಚಟ, ದಿನಕ್ಕೆ ಹದಿನೈದರ ಹತ್ತಿರ. ಬೆಳಗ್ಗೆ ಎದ್ದು ಹತ್ತು ನಿಮಿಷದೊಳಗೆ ಮೊದಲನೆಯದು ಆಗಲೇಬೇಕಿತ್ತು. ಬಿ.ಪಿ.ಗೆ ದಿನಕ್ಕೊಂದು ಮಾತ್ರೆ ಇದೆ. ಒಂದೇ ಶೆಡ್ಡಿನ ನಾವು ನಾಲ್ವರು ಒಟ್ಟಿಗೆ ಬಿಡೋಣ ಎಂದು ಮಾತಾಡಿಕೊಂಡು ವಾಟ್ಸ್‌ಆ್ಯಪ್ ಗುಂಪು ಮಾಡಿದೆವು. ಇಂದಿಗೆ ಹನ್ನೊಂದು ದಿನ. ನಾನು ಇನ್ನೂ ಮುಟ್ಟಿಲ್ಲ. ಒಬ್ಬ ಆರನೇ ದಿನವೇ ಶುರು ಮಾಡಿ ನಮ್ಮಿಂದ ಮುಚ್ಚಿಟ್ಟಿದ್ದಾನೆ, ಬೇಕರಿ ಹತ್ತಿರ ನಾವೇ ನೋಡಿದೆವು. ಇನ್ನೊಬ್ಬ ಗುಟ್ಕಾ ಹಿಡಿದಿದ್ದಾನೆ, ‘ಹೊಗೆ ಇಲ್ಲವಲ್ಲ’ ಅನ್ನುತ್ತಾನೆ. ನಾಲ್ಕನೆಯವರು ಹಿರಿಯರು, 54 ವರ್ಷ, ದಿನಕ್ಕೆ ಒಂದು ಕಟ್ಟು ಬೀಡಿ ಸೇದುತ್ತಿದ್ದವರು. ಕಣ್ಣು ಬಿಟ್ಟ ಕೂಡಲೇ ಬೀಡಿ ಹಚ್ಚುತ್ತಿದ್ದರು. ಉಬ್ಬಸಕ್ಕೆ ಮಾತ್ರೆ ನುಂಗುತ್ತಾರೆ, ಬಿಟ್ಟ ಮೇಲೆ ಎದೆ ಡವಡವ ಅನ್ನುತ್ತೆ ಅಂತಾರೆ. ನನಗೆ ನಿದ್ದೆ ಇಲ್ಲ, ಮಲಬದ್ಧತೆ ಶುರುವಾಗಿದೆ, ಕೆಮ್ಮು ಮೊದಲಿಗಿಂತ ಜಾಸ್ತಿ, ಮನೆಯಲ್ಲಿ ಎಲ್ಲರ ಮೇಲೂ ರೇಗುತ್ತೇನೆ. ಒಬ್ಬ ಬಿದ್ದರೆ ಎಲ್ಲರನ್ನೂ ಎಳೆದುಕೊಂಡು ಬೀಳುತ್ತಾನೆ, ಒಬ್ಬರೇ ಬಿಡುವುದು ಮೇಲು ಎಂದು ನನ್ನ ಹೆಂಡತಿ ಹೇಳುತ್ತಾಳೆ. ನಿಜವೇ? ಸೇದಿದವನನ್ನು ಗುಂಪಿನಿಂದ ತೆಗೆಯಬೇಕೆ? ನಿಕೋಟಿನ್ ಗಮ್ ತಗೊಂಡರೆ ಒಂದು ಚಟ ಬಿಟ್ಟು ಇನ್ನೊಂದು ಹಿಡಿದ ಹಾಗಲ್ಲವೆ?

ಉತ್ತರ: ನೀವು ಕೇಳಿದ್ದು ಮೂರು ಪ್ರಶ್ನೆ. ಅದಕ್ಕೂ ಮುಂಚೆ, ನೀವು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋದ ಸಂಗತಿಯೊಂದಿದೆ. ಅದು ಕಾಯುವಂಥದ್ದಲ್ಲ. ಉಬ್ಬಸದ ಮಾತ್ರೆ ನುಂಗುವ ಹಿರಿಯರ ಎದೆಬಡಿತದ ಮಾತು ಅದು.

ತಂಬಾಕಿನ ಹೊಗೆಯಲ್ಲಿರುವ ಕೆಲವು ರಾಸಾಯನಿಕಗಳು ಯಕೃತ್ತಿನ ಒಂದು ಕಿಣ್ವವನ್ನು ಅತಿಯಾಗಿ ಚುರುಕುಗೊಳಿಸುತ್ತವೆ. ಆ ಕಿಣ್ವ ಕೆಲವು ಔಷಧಿಗಳನ್ನು ಬೇಗ ಒಡೆದು ಹೊರಹಾಕುತ್ತದೆ. ಥಿಯೋಫಿಲಿನ್ ಅಂಥದ್ದೊಂದು. ನಮ್ಮಲ್ಲಿ ಉಬ್ಬಸಕ್ಕೆ ವರ್ಷಗಟ್ಟಲೆ ನುಂಗುವ ಡೆರಿಫಿಲಿನ್‌ನಂಥ ಮಾತ್ರೆಗಳಲ್ಲಿ ಇರುವುದು ಅದೇ. ಸೇದುವವರಿಗೆ ಸರಿಹೋಗಿದ್ದ ಪ್ರಮಾಣ, ಬಿಟ್ಟ ಮೇಲೆ ಹೆಚ್ಚಾಗುತ್ತದೆ. ಹೊಗೆ ನಿಂತು ವಾರವಾಗುವಷ್ಟರಲ್ಲಿ ಔಷಧಿ ದೇಹದಿಂದ ಹೊರಹೋಗುವ ವೇಗ ಸುಮಾರು ಮೂರನೇ ಒಂದರಷ್ಟು ತಗ್ಗಿ, ರಕ್ತದಲ್ಲಿ ಅದರ ಮಟ್ಟ ಏರಬಹುದು. ಎದೆ ಡವಗುಟ್ಟುವುದು, ಕೈ ನಡುಕ, ಹೊಟ್ಟೆ ತೊಳಸುವುದು ಅದರ ಗುರುತುಗಳು. ಅವರು ನುಂಗುತ್ತಿರುವುದು ಈ ಮಾತ್ರೆಯೇ ಎಂದು ನನಗೆ ಇಲ್ಲಿಂದ ಹೇಳಲಾಗದು, ಹಾಗಾಗಿ ಮಾತ್ರೆಯ ಚೀಟಿ ಹಿಡಿದುಕೊಂಡು ನಾಳೆಯೇ ವೈದ್ಯರ ಹತ್ತಿರ ಹೋಗಲಿ, ಬೀಡಿ ಬಿಟ್ಟು ಹನ್ನೊಂದು ದಿನವಾಯಿತೆಂದು ಬಾಯಿಬಿಟ್ಟು ಹೇಳಲಿ. ತಾವೇ ಮಾತ್ರೆ ನಿಲ್ಲಿಸುವುದು ಬೇಡ, ಉಬ್ಬಸ ಕೆರಳೀತು. ವಾಂತಿ ಶುರುವಾದರೆ, ಬಡಿತ ಲಯ ತಪ್ಪಿದರೆ ನಾಳೆಯವರೆಗೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ಮಾನಸಿಕ ಕಾಯಿಲೆಗೆ ಕೊಡುವ ಕ್ಲೋಜಪಿನ್, ಒಲಾಂಜಪಿನ್ ಮಾತ್ರೆಗಳ ವಿಚಾರವೂ ಹೀಗೆಯೇ. ಈ ಕಿಣ್ವವನ್ನು ಕೆಣಕುವುದು ಹೊಗೆ, ನಿಕೋಟಿನ್ ಅಲ್ಲ. ಹಾಗಾಗಿ ನಿಕೋಟಿನ್ ಗಮ್ ಅಗಿದರೂ ಚರ್ಮಕ್ಕೆ ನಿಕೋಟಿನ್ ಪಟ್ಟಿ ಹಚ್ಚಿಕೊಂಡರೂ ಈ ಲೆಕ್ಕ ಬದಲಾಗುವುದಿಲ್ಲ.

ನಿಮ್ಮ ನಿದ್ದೆಗೂ ಇದೇ ಕಿಣ್ವಕ್ಕೂ ನಂಟಿದೆ. ಕಾಫಿ, ಟೀಯಲ್ಲಿರುವ ಕೆಫೀನನ್ನು ಒಡೆಯುವುದೂ ಅದೇ. ಸೇದುವುದು ಬಿಟ್ಟ ಮೇಲೆ ಅಷ್ಟೇ ಕಾಫಿ ಕುಡಿದರೂ ರಕ್ತದಲ್ಲಿ ಕೆಫೀನ್ ಹೆಚ್ಚುಕಡಿಮೆ ಎರಡು ಪಟ್ಟಾಗಬಹುದು. ಬಿಡುವಿನಲ್ಲಿ ಸಿಗರೇಟಿನ ಬದಲು ಇನ್ನೊಂದು ಟೀ ಕುಡಿಯುವ ಅಭ್ಯಾಸ ಮಾಡಿಕೊಂಡಿದ್ದರಂತೂ ಕೇಳುವುದೇ ಬೇಡ. ಚಡಪಡಿಕೆ, ಎದೆಬಡಿತ, ನಿದ್ದೆಗೇಡು ಎಲ್ಲವನ್ನೂ ‘ಸಿಗರೇಟ್ ಬಿಟ್ಟಿದ್ದಕ್ಕೆ’ ಎಂದು ಬರೆದುಕೊಳ್ಳುತ್ತೇವೆ, ಅದರಲ್ಲಿ ಒಂದು ಪಾಲು ಲೋಟದಿಂದ ಬಂದಿರುತ್ತದೆ. ಕುಡಿಯುತ್ತಿದ್ದುದನ್ನು ಅರ್ಧಕ್ಕಿಳಿಸಿ, ಮಧ್ಯಾಹ್ನ ಎರಡರ ಮೇಲೆ ಬೇಡ. ಪೂರ್ತಿ ನಿಲ್ಲಿಸಬೇಡಿ. ದಿಢೀರನೆ ನಿಲ್ಲಿಸಿದರೆ ಅದರದ್ದೇ ಒಂದು ತಲೆನೋವು ಬರುತ್ತದೆ.

ಉಳಿದ ತೊಂದರೆಗಳಿಗೆ ಒಂದು ಕಾಲಗಣನೆ ಇದೆ. ತಲೆ ಹಗುರಾಗಿ ತೇಲಿದಂತಾಗುವುದು ಎರಡು ದಿನ. ರಾತ್ರಿ ಎಚ್ಚರವಾಗುವುದು ಸಾಮಾನ್ಯವಾಗಿ ಒಂದು ವಾರ. ಕೆಲಸದಲ್ಲಿ ಮನಸ್ಸು ನಿಲ್ಲದಿರುವುದು ಎರಡು ವಾರ. ರೇಗುವುದು, ಚಡಪಡಿಕೆ, ಮಂಕು ಕವಿದಂತಾಗುವುದು ನಾಲ್ಕು ವಾರದೊಳಗೆ ಇಳಿಯುತ್ತದೆ. ಮಲಬದ್ಧತೆ ನಾಲ್ಕು ವಾರ ದಾಟಬಹುದು. ನಿಕೋಟಿನ್ ಕರುಳನ್ನು ತಳ್ಳುತ್ತಿತ್ತು, ಆ ತಳ್ಳು ಈಗಿಲ್ಲ. ನೀರು, ಸೊಪ್ಪು, ರಾತ್ರಿ ಊಟದ ಮೇಲೆ ಎರಡು ಬಾಳೆಹಣ್ಣು ಇವು ಸಾಕಾಗದಿದ್ದರೆ ಇಸಬಗೋಲು ತೆಗೆದುಕೊಳ್ಳಿ. ಹಸಿವು ಹತ್ತು ವಾರಕ್ಕೂ ಮೀರಿ ಉಳಿಯುತ್ತದೆ. ವರ್ಷದಲ್ಲಿ ಸರಾಸರಿ ನಾಲ್ಕೈದು ಕೆ.ಜಿ. ತೂಕ ಏರುವುದುಂಟು, ಅದಕ್ಕೆ ಈಗಲೇ ಪಥ್ಯ ಶುರು ಮಾಡಬೇಡಿ. ಒಂದೇ ತಿಂಗಳಲ್ಲಿ ಎರಡು ಯುದ್ಧ ಬೇಡ.

ಕೆಮ್ಮಿನ ವಿಚಾರ. ಶ್ವಾಸನಾಳದೊಳಗಿನ ಸಣ್ಣ ರೋಮಗಳು ಹೊಗೆಯಿಂದ ಜಡವಾಗಿರುತ್ತವೆ. ಬಿಟ್ಟ ಮೇಲೆ ಅವು ಚೇತರಿಸಿಕೊಂಡು ಕಫವನ್ನು ಮೇಲೆ ತಳ್ಳುವಾಗ ಕೆಲವರಿಗೆ ಕೆಲವು ವಾರ ಕೆಮ್ಮು ಹೆಚ್ಚುತ್ತದೆ. ‘ಸಿಗರೇಟ್ ಇದ್ದಾಗಲೇ ಎದೆ ಚೆನ್ನಾಗಿತ್ತು’ ಎಂದು ಮತ್ತೆ ಹಚ್ಚುವವರು ಈ ಹಂತದಲ್ಲೇ ಹೆಚ್ಚು. ಆದರೆ ಎಲ್ಲ ಕೆಮ್ಮನ್ನೂ ಇದರ ಲೆಕ್ಕಕ್ಕೆ ಹಾಕಬಾರದು. ಎರಡು ವಾರ ಮೀರಿದ ಕೆಮ್ಮಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಪುಕ್ಕಟೆ ಆಗುತ್ತದೆ, ಕ್ಷಯ ಇಲ್ಲವೆಂದು ಖಚಿತ ಮಾಡಿಕೊಳ್ಳಿ. ಕಫದಲ್ಲಿ ರಕ್ತ, ಎದೆನೋವು, ಕಾರಣವಿಲ್ಲದೆ ತೂಕ ಇಳಿಯುವುದು ಕಂಡರೆ ಎರಡು ವಾರವನ್ನೂ ಕಾಯಬೇಡಿ.

ಈಗ ನಿಮ್ಮ ಮನೆಯವರ ಮಾತು. ‘ಒಬ್ಬ ಬಿದ್ದರೆ ಎಲ್ಲರೂ ಬೀಳುತ್ತಾರೆ’ ಎಂಬುದರಲ್ಲಿ ಅರ್ಧ ನಿಜವಿದೆ. ಅಮೆರಿಕದ ಫ್ರೇಮಿಂಗ್‌ಹ್ಯಾಮ್‌ನಲ್ಲಿ 1971ರಿಂದ 2003ರವರೆಗೆ ಒಬ್ಬರಿಗೊಬ್ಬರು ನಂಟಿದ್ದ 12,067 ಜನರ ಸೇದುವ ಅಭ್ಯಾಸವನ್ನು ಹಿಂಬಾಲಿಸಿದ ಅಧ್ಯಯನವೊಂದು 2008ರಲ್ಲಿ ಪ್ರಕಟವಾಯಿತು. ಜನ ಒಬ್ಬೊಬ್ಬರಾಗಿ ಬಿಡುವುದಕ್ಕಿಂತ ಗುಂಪುಗುಂಪಾಗಿ ಬಿಟ್ಟಿದ್ದರು. ಗಂಡ ಅಥವಾ ಹೆಂಡತಿ ಬಿಟ್ಟರೆ ಇನ್ನೊಬ್ಬರು ಸೇದುವ ಸಂಭವ ಶೇ 67ರಷ್ಟು ಕಡಿಮೆ. ಗೆಳೆಯ ಬಿಟ್ಟರೆ ಶೇ 36. ಸಣ್ಣ ಸಂಸ್ಥೆಯ ಸಹೋದ್ಯೋಗಿ ಬಿಟ್ಟರೆ ಶೇ 34. ಒಂದೇ ಸ್ವಭಾವದವರು ಗೆಳೆಯರಾಗುತ್ತಾರೆ ಎಂಬ ಕಾರಣವನ್ನು ಪೂರ್ತಿ ತಳ್ಳಿಹಾಕಲಾಗದು. ಆದರೂ ನಿಮ್ಮ ಶೆಡ್ಡಿನಂಥ ಜಾಗದಲ್ಲಿ ಬಿಡುವುದೂ ಹರಡುತ್ತದೆ, ಸೇದುವುದೂ ಹರಡುತ್ತದೆ ಎನ್ನಲು ಇಷ್ಟು ಸಾಕು. ಒಂಟಿಯಾಗಿ ಬಿಟ್ಟರೆ ನೀವು ಆ ಜಾಲದಿಂದ ಹೊರಗೆ ಹೋದಂತಾಗುವುದಿಲ್ಲ. ಬೇಕರಿ ಅಲ್ಲೇ ಇರುತ್ತದೆ, ಬಿಡುವಿನ ಗಂಟೆ ಹೊಡೆಯುತ್ತದೆ, ಕರೆಯುವವರು ಕರೆಯುತ್ತಾರೆ, ಬೇಡ ಅನ್ನಲು ಜೊತೆಗಾರ ಮಾತ್ರ ಇರುವುದಿಲ್ಲ. ಯಾವ ನೆರವೂ ಇಲ್ಲದೆ ಒಬ್ಬರೇ ಪ್ರಯತ್ನಿಸಿದವರಲ್ಲಿ ಆರು ತಿಂಗಳಿಂದ ವರ್ಷದ ನಂತರವೂ ಸೇದದೆ ಉಳಿಯುವವರು ನೂರಕ್ಕೆ ಮೂರರಿಂದ ಐದು ಜನ.

ಆದರೆ ಜೊತೆ ಎಂದರೆ ಯಾವ ಜೊತೆ? ಇಲ್ಲಿ ಸಂಶೋಧನೆ ಎರಡು ಮಾತು ಹೇಳುತ್ತದೆ, ಎರಡೂ ಮೇಲ್ನೋಟಕ್ಕೆ ಒಂದಕ್ಕೊಂದು ವಿರುದ್ಧ. ವಾರಕ್ಕೊಮ್ಮೆ ಕ್ರಮಬದ್ಧವಾಗಿ ಕೂಡುವ, ಒಂದೇ ದಿನ ಬಿಟ್ಟವರ ಗುಂಪುಗಳಲ್ಲಿ ಯಶಸ್ಸು ಕರಪತ್ರ ಓದಿ ತಾವೇ ಬಿಡುವವರಿಗಿಂತ ಸ್ಪಷ್ಟವಾಗಿ ಹೆಚ್ಚು. ಅದೇ, ‘ನಿಮ್ಮ ಸಂಗಾತಿಗೆ, ಗೆಳೆಯನಿಗೆ ಬೆಂಬಲ ಕೊಡಿ’ ಎಂದು ಮನೆಯವರಿಗೋ ಸ್ನೇಹಿತರಿಗೋ ಹೇಳಿಕೊಟ್ಟ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ ಬಿಟ್ಟವರ ಸಂಖ್ಯೆ ಹೆಚ್ಚಿತೆನ್ನಲು ಗಟ್ಟಿ ಪುರಾವೆ ಸಿಗಲಿಲ್ಲ. ನನ್ನ ತಿಳಿವಳಿಕೆಯಲ್ಲಿ ಇದರ ಕಾರಣ ಸರಳ. ಹಾರೈಕೆ ಬೇರೆ, ಏರ್ಪಾಡು ಬೇರೆ. ಬೆಳಗ್ಗೆ ಗುಲಾಬಿ ಹೂವಿನ ಚಿತ್ರದ ಜೊತೆ ‘ಇಂದು 11ನೇ ದಿನ, ಶಭಾಷ್’ ಎಂದು ಹಾಕಿದರೆ, ಮಧ್ಯಾಹ್ನ ಮೂರೂವರೆಗೆ ಬೇಕರಿ ಮುಂದೆ ನಿಂತವನಿಗೆ ಅದರಿಂದ ಏನೂ ಆಗುವುದಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ, ಶಭಾಷ್‌ಗಿರಿ ಹೆಚ್ಚಾದಷ್ಟೂ ಎಡವಿದವನಿಗೆ ಬಾಯಿ ಬಿಡಲು ಸಂಕೋಚ ಹೆಚ್ಚುತ್ತದೆ. ನಿಮ್ಮ ಗೆಳೆಯ ಮುಚ್ಚಿಟ್ಟದ್ದು ಅದಕ್ಕೇ ಇರಬಹುದು.

ಹಾಗಾದರೆ ಏರ್ಪಾಡು ಹೇಗಿರಬೇಕು? ತುಡಿತ ಎದ್ದಾಗ ಅದರ ತೀವ್ರ ಗಳಿಗೆ ಐದು-ಹತ್ತು ನಿಮಿಷ. ಗುಂಪಿನ ಕೆಲಸ ಆ ಹತ್ತು ನಿಮಿಷ ದಾಟಿಸುವುದು, ಅಷ್ಟೇ. ಒಂದೇ ಶಿಫ್ಟಿನ ಇಬ್ಬರು ಜೋಡಿಯಾಗಲಿ. ಶಿಫ್ಟ್ ಬದಲಾದರೆ ಜೋಡಿಯೂ ಬದಲಾಗಲಿ, ಏಕೆಂದರೆ ರಾತ್ರಿಪಾಳಿಯವನಿಗೆ ಮನೆಯಲ್ಲಿ ಮಲಗಿರುವವನಿಂದ ಉಪಯೋಗವಿಲ್ಲ. ತುಡಿತ ಬಂದವನು ಉದ್ದ ಬರೆಯಬೇಕಿಲ್ಲ. ಎಲ್ಲಿದ್ದೇನೆ, ಹತ್ತಕ್ಕೆ ಎಷ್ಟು, ಈಗ ಏನು ಮಾಡುತ್ತೇನೆ, ಇಷ್ಟು ಹಾಕಲಿ: ‘ಗೇಟು, 8, ನಡೆಯಲು ಹೊರಟೆ’. ಜೋಡಿಯವನು ಮೂರು ನಿಮಿಷದೊಳಗೆ ಸಂದೇಶವಲ್ಲ, ಕರೆಯನ್ನೇ ಮಾಡಬೇಕು. ಮಾತು ಯಾವುದಾದರೂ ಆಗಲಿ, ಕ್ರಿಕೆಟ್, ಸಂಬಳ, ಮಗಳ ಫೀಸು, ಸಿಗರೇಟ್ ಒಂದು ಬಿಟ್ಟು. ಕ್ಯಾನ್ಸರ್ ಚಿತ್ರ ಕಳಿಸುವುದು, ‘ಮಕ್ಕಳ ಮುಖ ನೋಡು’ ಅನ್ನುವುದು ಬೇಡವೇ ಬೇಡ. ಆ ಗಳಿಗೆಯಲ್ಲಿ ಅಪರಾಧಿ ಭಾವನೆ ಕೆರಳಿದರೆ ಕೈ ಪ್ಯಾಕೆಟ್ಟಿನ ಕಡೆಗೇ ಹೋಗುತ್ತದೆ. ಮಾತಿನ ಜೊತೆ ಬಿರುಸಾಗಿ ಹತ್ತು ನಿಮಿಷ ನಡೆದರೆ ಇನ್ನೂ ಒಳ್ಳೆಯದು, ನಡಿಗೆ ತುಡಿತವನ್ನು ಆಗಿಂದಾಗ್ಗೆ ಇಳಿಸುತ್ತದೆಂದು ಹಲವು ಪ್ರಯೋಗಗಳು ತೋರಿಸಿವೆ. ಬಿಡುವಿನಲ್ಲಿ ಬೇಕರಿಗೆ ಹೋಗಿ ‘ನಾನು ಬರೀ ಟೀ’ ಎಂದು ನಿಲ್ಲುವ ಶೂರತನ ಮೊದಲ ತಿಂಗಳಂತೂ ಬೇಡ. ಫ್ಲಾಸ್ಕಿನಲ್ಲಿ ಟೀ ತಂದು ಶೆಡ್ಡಿನ ಇನ್ನೊಂದು ಬದಿಯಲ್ಲಿ ಕುಡಿಯಿರಿ. ಜಾಗ ಬದಲಾದರೆ ಅರ್ಧ ಕೆಲಸ ಆದಂತೆ.

ವಾರಕ್ಕೊಮ್ಮೆ, ಸಂಬಳದ ದಿನವೋ ವಾರದ ರಜೆಯ ಹಿಂದಿನ ದಿನವೋ ಆಗದ ಹಾಗೆ ನೋಡಿಕೊಂಡು, ಅರ್ಧ ಗಂಟೆ ಎದುರುಬದುರು ಕೂತುಕೊಳ್ಳಿ. ಪ್ರತಿಯೊಬ್ಬರೂ ಎರಡೇ ವಿಷಯ ಹೇಳಬೇಕು: ಈ ವಾರ ಅತಿ ಕಷ್ಟವಾದ ಗಳಿಗೆ ಯಾವುದು, ಬರುವ ವಾರ ಅಂಥದ್ದು ಎಲ್ಲಿ ಕಾದಿದೆ. ಮದುವೆ, ತಿಥಿ, ಊರಹಬ್ಬ, ಲಾಂಗ್ ಡ್ರೈವ್, ಎಣ್ಣೆ ಪಾರ್ಟಿ ಎಲ್ಲ ಮುಂಚೆಯೇ ಗೊತ್ತಿರುತ್ತವೆ. ಅದರಲ್ಲಿ ಎಣ್ಣೆಯದ್ದು ಎಲ್ಲಕ್ಕಿಂತ ಅಪಾಯ. ಬಿಟ್ಟವರು ಮೊದಲ ದಮ್ ಎಳೆಯುವುದು ಬಹಳ ಸಲ ಎರಡನೇ ಪೆಗ್ಗಿನ ಮೇಲೆ. ಮೊದಲ ಆರು ವಾರ ಕುಡಿತ ಇಲ್ಲವೆಂದು ನಾಲ್ವರೂ ಒಪ್ಪಿಕೊಂಡರೆ ನಿಮ್ಮ ಗುಂಪಿಗೆ ಅದಕ್ಕಿಂತ ಒಳ್ಳೆಯ ನಿಯಮ ಇನ್ನೊಂದಿಲ್ಲ.

ಹಣ ಕಟ್ಟುವ ಯೋಚನೆಯೂ ಇಂಥ ಗುಂಪುಗಳಲ್ಲಿ ಬರುತ್ತದೆ. ಫಿಲಿಪ್ಪೀನ್ಸ್‌ನಲ್ಲಿ, 2010ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಸೇದುವವರಿಗೆ ಒಂದು ಉಳಿತಾಯ ಖಾತೆ ಕೊಟ್ಟರು. ಆರು ತಿಂಗಳ ನಂತರ ಮೂತ್ರಪರೀಕ್ಷೆಯಲ್ಲಿ ನಿಕೋಟಿನ್ ಸಿಗದಿದ್ದರೆ ಕಟ್ಟಿದ ಹಣ ವಾಪಸ್, ಸಿಕ್ಕರೆ ದಾನಕ್ಕೆ. ಖಾತೆಯ ಅವಕಾಶ ಸಿಕ್ಕವರಲ್ಲಿ ಬಿಟ್ಟವರು ನೂರಕ್ಕೆ ಸುಮಾರು ಮೂರು ಜನ ಹೆಚ್ಚು, ವರ್ಷದ ನಂತರವೂ ಆ ಅಂತರ ಉಳಿದಿತ್ತು. ಅಲ್ಲಿ ಪರೀಕ್ಷೆ ಇತ್ತು, ನಿಮ್ಮಲ್ಲಿಲ್ಲ. ಪರೀಕ್ಷೆ ಇಲ್ಲದೆ ದಂಡ ಹಾಕಿದರೆ ಸುಳ್ಳು ಹೇಳುವುದನ್ನು ಕಲಿಸಿದಂತಾಗುತ್ತದೆ. ಬೇಕಿದ್ದರೆ ಇನ್ನೊಂದು ರೀತಿ ಮಾಡಿ: ದಿನಕ್ಕೆ ಹದಿನೈದು ಸಿಗರೇಟ್, ಒಂದಕ್ಕೆ ಇಪ್ಪತ್ತು ರೂಪಾಯಿ ಎಂದು ಹಿಡಿದರೂ ತಿಂಗಳಿಗೆ 9,000 ರೂಪಾಯಿ. ಆ ದುಡ್ಡನ್ನು ಅವರವರ ಮನೆಯವರ ಕೈಗೆ ವಾರವಾರ ಕೊಡಿ.

ಮುಚ್ಚಿಟ್ಟವರ ವಿಷಯಕ್ಕೆ ಬರೋಣ. ತೆಗೆಯಬೇಡಿ. ಇದು ದಯೆಯ ಮಾತಲ್ಲ, ಲೆಕ್ಕದ ಮಾತು. ಹೊರಗೆ ಹಾಕಿದರೆ ಅವರು ನಾಳೆಯಿಂದ ಬೇಕರಿ ಮುಂದೆ ಬಹಿರಂಗವಾಗಿ ನಿಲ್ಲುತ್ತಾರೆ, ನಿಮ್ಮನ್ನು ಕರೆಯುವ ಒಂದು ಧ್ವನಿ ಹೆಚ್ಚಾಗುತ್ತದೆ. ಒಳಗಿದ್ದರೆ, ಅವರು ಎಲ್ಲಿ ಎಡವಿದರೆಂಬುದು ಉಳಿದ ಮೂವರಿಗೂ ಪಾಠ. ಆದರೆ ‘ಪರವಾಗಿಲ್ಲ ಬಿಡೋ, ಒಂದು ತಾನೇ’ ಅನ್ನುವುದೂ ಸರಿಯಲ್ಲ. ಒಂದು ಸಿಗರೇಟ್ ಸೇದಿದವರಲ್ಲಿ ಬಹುಪಾಲು ಜನ ಮತ್ತೆ ಹಳೆಯ ಲೆಕ್ಕಕ್ಕೇ ಮರಳುತ್ತಾರೆ. ಮೆದುಳಿನಲ್ಲಿ ನಿಕೋಟಿನ್ ಹಿಡಿಯುವ ಗ್ರಾಹಕಗಳು ಸೇದುವವರಲ್ಲಿ ಸಂಖ್ಯೆಯಲ್ಲೇ ಹೆಚ್ಚಿರುತ್ತವೆ, ಸಹಜ ಮಟ್ಟಕ್ಕಿಳಿಯಲು ಸುಮಾರು ಆರರಿಂದ ಹನ್ನೆರಡು ವಾರ ಬೇಕು. ಆರನೇ ದಿನದ ಒಂದು ದಮ್ಮಿಗೆ ಅಷ್ಟು ಬಲ ಬರುವುದು ಅದರಿಂದ. ಸೇದಿದ ಮೇಲಿನ ಇಪ್ಪತ್ತನಾಲ್ಕು ಗಂಟೆಯಲ್ಲಿ ಗುಂಪು ಏನು ಮಾಡುತ್ತದೆ ಎಂಬುದರ ಮೇಲೆ ಆ ಗುಂಪಿನ ಬೆಲೆ ನಿಂತಿದೆ ಎಂದೇ ನಾನು ಹೇಳುವುದು.

ನಿಮ್ಮಲ್ಲಿ ಅವರಿಗೆ ಹತ್ತಿರದವರು ಒಬ್ಬರೇ, ಉಳಿದವರಿಲ್ಲದಾಗ, ‘ಬೇಕರಿ ಹತ್ತಿರ ನೋಡಿದೆ, ಬೈಯಲು ಬಂದಿಲ್ಲ’ ಎಂದು ನೇರವಾಗಿ ಹೇಳಲಿ. ಆಮೇಲೆ ಕೇಳಬೇಕಾದ್ದು ಇಷ್ಟು: ಎಲ್ಲಿದ್ದಾಗ ಸೇದಿದೆ, ಜೊತೆಗೆ ಯಾರಿದ್ದರು, ಅದಕ್ಕೆ ಅರ್ಧ ಗಂಟೆ ಮುಂಚೆ ಏನಾಗಿತ್ತು, ಸಿಗರೇಟ್ ಕೈಗೆ ಹೇಗೆ ಬಂತು. ‘ಯಾಕೆ’ ಎಂಬ ಪ್ರಶ್ನೆ ಬೇಡ, ಅದಕ್ಕೆ ಸಿಗುವುದು ನೆಪ. ಉಳಿದ ಪ್ಯಾಕೆಟ್ ಆಗಲೇ ನೀರಿಗೆ ಹಾಕಿಸಿ, ಎರಡು ದಿನದೊಳಗೆ ಹೊಸ ದಿನ ಗೊತ್ತು ಮಾಡಿ. ಮೊದಲ ದಿನದಿಂದ ಎಣಿಸಿ ಎಂದು ಅವಮಾನಿಸುವ ಅಗತ್ಯವಿಲ್ಲ. ಆ ಐದು ದಿನ ಎಲ್ಲಿಗೂ ಹೋಗಿಲ್ಲ. ‘ದಿನಕ್ಕೆ ಎರಡು ಕಡಿಮೆ ಮಾಡುತ್ತಾ ಬರುತ್ತೇನೆ’ ಎಂದರೆ, ಅದು ಕೆಲವರಿಗೆ ಒಗ್ಗುತ್ತದೆ, ಆದರೆ ಬ್ರಿಟನ್ನಿನಲ್ಲಿ 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಒಮ್ಮೆಲೇ ಬಿಟ್ಟವರಲ್ಲಿ ಶೇ 49, ಎರಡು ವಾರದಲ್ಲಿ ಇಳಿಸಿ ಬಿಟ್ಟವರಲ್ಲಿ ಶೇ 39 ಜನ ನಾಲ್ಕನೇ ವಾರದಲ್ಲಿ ಸೇದದೆ ಇದ್ದರು. ಎರಡೂ ಗುಂಪಿನವರಿಗೂ ಔಷಧಿ, ಸಮಾಲೋಚನೆ ಎರಡೂ ಇದ್ದವು.

ಗುಟ್ಕಾ ಹಿಡಿದವರು ಸಿಗರೇಟ್ ಬಿಟ್ಟಿದ್ದಾರೆ, ತಂಬಾಕು ಬಿಟ್ಟಿಲ್ಲ. ನಿಕೋಟಿನ್ ಪೂರೈಕೆ ಹಾಗೇ ಮುಂದುವರಿದಿದೆ, ಅದಕ್ಕೇ ಅವರಿಗೆ ನಿಮ್ಮಷ್ಟು ಕಷ್ಟ ಕಾಣುತ್ತಿಲ್ಲ. ಬಾಯಿ ತೆರೆಯಲಾಗದಂತೆ ಕೆನ್ನೆಯ ಒಳಪದರ ಬಿಗಿಯುವ ಕಾಯಿಲೆಗೆ ಮುಖ್ಯ ಕಾರಣ ಅಡಿಕೆಯೇ, ಅದು ಬಾಯಿ ಕ್ಯಾನ್ಸರಿಗೆ ದಾರಿ. ತಂಬಾಕಿಲ್ಲದ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ವರದಿಯಲ್ಲಿ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ, ಅಂದರೆ ಮನುಷ್ಯರಿಗೆ ಕ್ಯಾನ್ಸರ್ ತರುವುದು ಖಚಿತವಾದವುಗಳ ಸಾಲಿಗೆ, ಸೇರಿಸಿದೆ. ಅಡಿಕೆ ಬೆಳೆಯುವ ನಾಡಿನಲ್ಲಿ ಕೂತು ಇದನ್ನು ಬರೆಯುವುದು ಯಾರಿಗೂ ಇಷ್ಟದ ಕೆಲಸವಲ್ಲ, ಆದರೂ ಬರೆಯಲೇಬೇಕು. ಅವರು ಮೂರು ಬೆರಳು ನೆಟ್ಟಗೆ ಒಂದರ ಮೇಲೊಂದಾಗಿ ಬಾಯೊಳಗೆ ಹೋಗುತ್ತವೆಯೇ ನೋಡಿಕೊಳ್ಳಲಿ. ಹೋಗದಿದ್ದರೆ, ಅಥವಾ ಖಾರ ತಿಂದರೆ ಉರಿ ಇದ್ದರೆ, ದಂತವೈದ್ಯರಿಗೆ ತೋರಿಸಲಿ. ಮೇಲಿನ ಏರ್ಪಾಡು ಅವರಿಗೂ ಅಷ್ಟೇ ಅನ್ವಯ.

ಗಮ್ ಎಂದರೆ ಇನ್ನೊಂದು ಚಟವೇ? ಅಲ್ಲ, ಕಾರಣ ಹೇಳುತ್ತೇನೆ. ಸಿಗರೇಟಿನ ನಿಕೋಟಿನ್ ಶ್ವಾಸಕೋಶದಿಂದ ಮೆದುಳಿಗೆ ಹತ್ತಿಪ್ಪತ್ತು ಸೆಕೆಂಡಿನಲ್ಲಿ ಮುಟ್ಟುತ್ತದೆ. ಚಟ ಕಟ್ಟುವುದು ಆ ವೇಗ. ಗಮ್ಮಿನದ್ದು ಬಾಯಿಯ ಒಳಪದರದಿಂದ ನಿಧಾನವಾಗಿ ಇಳಿಯುತ್ತದೆ, ಮಟ್ಟವೂ ಕಡಿಮೆ. ಕ್ಯಾನ್ಸರ್ ತರುವ ಟಾರ್, ಹೃದಯಕ್ಕೆ ಬರಬೇಕಾದ ಆಮ್ಲಜನಕ ಕಸಿಯುವ ಇಂಗಾಲದ ಮಾನಾಕ್ಸೈಡ್ ಅದರಲ್ಲಿಲ್ಲ. ಹಿಡಿತದಲ್ಲಿರುವ ಬಿ.ಪಿ.ಗೆ ಗಮ್ ಅಡ್ಡಿಯಲ್ಲ. ಎರಡು ವಾರದೊಳಗೆ ಹೃದಯಾಘಾತ ಆಗಿದ್ದವರು, ಕೂತಲ್ಲೇ ಎದೆನೋವು ಬರುವವರು, ಹೃದಯದ ಲಯದ ತೊಂದರೆ ಇರುವವರು, ಬಸುರಿಯರು ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು. ಎದೆ ಡವಗುಟ್ಟುತ್ತಿರುವ ನಿಮ್ಮ ಹಿರಿಯರೂ ಸದ್ಯಕ್ಕೆ ಆ ಸಾಲಿನಲ್ಲೇ.

ಎಷ್ಟು ಬೇಕೆಂದು ತಿಳಿಯಲು ಎರಡು ಪ್ರಶ್ನೆಯ ಅಳತೆಯೊಂದಿದೆ. ಎದ್ದ ಐದು ನಿಮಿಷದೊಳಗೆ ಸೇದಿದರೆ 3 ಅಂಕ, ಅರ್ಧ ಗಂಟೆಯೊಳಗೆ 2, ಒಂದು ಗಂಟೆಯೊಳಗೆ 1. ದಿನಕ್ಕೆ ಹತ್ತರವರೆಗೆ ಸೊನ್ನೆ, ಇಪ್ಪತ್ತರವರೆಗೆ 1, ಮೂವತ್ತರವರೆಗೆ 2, ಮೇಲೆ 3. ಎರಡನ್ನೂ ಕೂಡಿಸಿದರೆ ನಿಮ್ಮದು 3, ಮಧ್ಯಮ ಚಟ. ಹಿರಿಯರ ಕಟ್ಟಿನಲ್ಲಿ ಇಪ್ಪತ್ತೈದು ಬೀಡಿ ಎಂದು ಹಿಡಿದರೆ ಅವರದು 5, ತೀವ್ರ. ಬೀಡಿ ಚಿಕ್ಕದು ಎಂದು ಹಗುರವಾಗಿ ನೋಡಬೇಡಿ. ಅದರ ಎಲೆ ಕಾಗದದಂತೆ ಗಾಳಿಯಾಡುವುದಿಲ್ಲ, ಆರದಿರಲು ಮೇಲಿಂದ ಮೇಲೆ ಜೋರಾಗಿ ಎಳೆಯಬೇಕು. ಅವರು ಗಮ್ಮಿನ ಮಾತು ಬಿಟ್ಟು ನೇರ ವೈದ್ಯರ ಸಲಹೆಯಲ್ಲೇ ಮುಂದುವರಿಯುವುದು ಒಳ್ಳೆಯದು.

2 ಮಿ.ಗ್ರಾಂ ಗಮ್ ಮೆಡಿಕಲ್ ಅಂಗಡಿಯಲ್ಲಿ ಚೀಟಿ ಇಲ್ಲದೆ ಸಿಗುತ್ತದೆ, 4 ಮಿ.ಗ್ರಾಂಗೆ ಚೀಟಿ ಬೇಕು. ಎದ್ದ ಅರ್ಧ ಗಂಟೆಯೊಳಗೆ ಸೇದುತ್ತಿದ್ದವರಿಗೆ 4 ಹೆಚ್ಚು ಹೊಂದುತ್ತದೆ, ಹಾಗಾಗಿ ಚೀಟಿ ಬರೆಸಿಕೊಳ್ಳಿ. ಹನ್ನೊಂದು ದಿನ ಕಳೆದಿದ್ದರೂ ತುಡಿತ ಇರುವವರೆಗೆ ಶುರು ಮಾಡಲು ತಡವಾಗಿಲ್ಲ. ಗಮ್ ಕೆಲಸ ಮಾಡಲಿಲ್ಲ ಎನ್ನುವವರಲ್ಲಿ ಹೆಚ್ಚಿನವರು ಅದನ್ನು ಬಬಲ್‌ಗಮ್ಮಿನಂತೆ ಅಗಿದಿರುತ್ತಾರೆ. ಆಗ ನಿಕೋಟಿನ್ ಎಂಜಲಿನ ಜೊತೆ ಹೊಟ್ಟೆಗಿಳಿದು ಬಿಕ್ಕಳಿಕೆ, ಎದೆಯುರಿ, ವಾಕರಿಕೆ ಬರುತ್ತದೆ, ತುಡಿತ ಇದ್ದಲ್ಲೇ ಇರುತ್ತದೆ. ಹತ್ತು ಹದಿನೈದು ಸಲ ನಿಧಾನವಾಗಿ ಅಗಿಯಿರಿ. ಮೆಣಸಿನಂಥ ಚುರುಚುರು ಬಂದೊಡನೆ ನಿಲ್ಲಿಸಿ ಕೆನ್ನೆ-ವಸಡಿನ ಸಂದಿಯಲ್ಲಿ ಇಡಿ. ಒಂದು ನಿಮಿಷದಲ್ಲಿ ಚುರುಚುರು ಆರುತ್ತದೆ, ಮತ್ತೆ ನಾಲ್ಕಾರು ಸಲ ಅಗಿದು ಇನ್ನೊಂದು ಬದಿಯಲ್ಲಿಡಿ. ಹೀಗೆ ಅರ್ಧ ಗಂಟೆ. ಅಗಿಯುವ ಹದಿನೈದು ನಿಮಿಷ ಮುಂಚಿನಿಂದ ಕಾಫಿ, ನಿಂಬೆ ಸೋಡಾ, ಹಣ್ಣಿನ ರಸ, ನೆಲ್ಲಿಕಾಯಿ ಬೇಡ. ಹುಳಿಯಿರುವ ಬಾಯಿಯಲ್ಲಿ ನಿಕೋಟಿನ್ ಹೀರಿಕೆಯಾಗುವುದಿಲ್ಲ. ಎರಡನೇ ತಪ್ಪು ದಿನಕ್ಕೆ ಎರಡು ಮೂರು ಗಮ್ಮಿನಲ್ಲಿ ಜಿಪುಣತನ ಮಾಡುವುದು. ಮೊದಲ ಆರು ವಾರ ಗಂಟೆ-ಎರಡು ಗಂಟೆಗೊಂದರಂತೆ ದಿನಕ್ಕೆ ಒಂಬತ್ತಾದರೂ ಬೇಕು, ಇಪ್ಪತ್ನಾಲ್ಕು ಮೀರಬಾರದು. ಏಳರಿಂದ ಒಂಬತ್ತನೇ ವಾರ ಎರಡು-ನಾಲ್ಕು ಗಂಟೆಗೊಂದು, ಹತ್ತರಿಂದ ಹನ್ನೆರಡನೇ ವಾರ ನಾಲ್ಕರಿಂದ ಎಂಟು ಗಂಟೆಗೊಂದು, ಆಮೇಲೆ ನಿಲ್ಲಿಸಿ. ಮಕ್ಕಳ ಕೈಗೆ ಸಿಗದಂತಿಡಿ, ಅವರಿಗದು ವಿಷ. ಚರ್ಮಕ್ಕೆ ಹಚ್ಚುವ ನಿಕೋಟಿನ್ ಪಟ್ಟಿ ದಿನವಿಡೀ ಒಂದೇ ಮಟ್ಟ ಕೊಡುತ್ತದೆ. ಪಟ್ಟಿಯ ಮೇಲೆ ಬೇಕಾದಾಗ ಗಮ್ ಸೇರಿಸಿದರೆ ಒಂದೇ ಬಳಸುವುದಕ್ಕಿಂತ ಹೆಚ್ಚು ಫಲ, ಆದರೆ ಪ್ರಮಾಣವನ್ನು ವೈದ್ಯರೇ ಹೇಳಲಿ. ಕೆಟ್ಟ ಕನಸು ಬಿದ್ದರೆ ಮಲಗುವಾಗ ಪಟ್ಟಿ ತೆಗೆಯಿರಿ.

ಗಮ್ಮಿನಿಂದ ಆಗದಿದ್ದರೆ ವೆರೆನಿಕ್ಲಿನ್ ಎಂಬ ಮಾತ್ರೆ ಇದೆ, ವೈದ್ಯರ ಚೀಟಿಯಿಂದ ಮಾತ್ರ. ಅರ್ಧ ಮಿ.ಗ್ರಾಂನಿಂದ ಶುರುವಾಗಿ ಎರಡನೇ ವಾರದಿಂದ ದಿನಕ್ಕೆರಡು ಸಲ 1 ಮಿ.ಗ್ರಾಂ, ಒಟ್ಟು ಹನ್ನೆರಡು ವಾರ. ವಾಕರಿಕೆ ಸಾಮಾನ್ಯ, ಊಟವಾದ ಮೇಲೆ ಒಂದು ದೊಡ್ಡ ಲೋಟ ನೀರಿನ ಜೊತೆ ನುಂಗಿದರೆ ತಗ್ಗುತ್ತದೆ. ಮನಸ್ಸು ಕೆಡಿಸುತ್ತದೆಂಬ ಭಯ ಬಹಳ ಕಾಲ ಇತ್ತು. ಎಂಟು ಸಾವಿರ ಜನರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಔಷಧಿಯಿಲ್ಲದ ಹುಸಿಮಾತ್ರೆಗಿಂತ ಗಮನಾರ್ಹವಾಗಿ ಹೆಚ್ಚಿನ ತೊಂದರೆ ಕಾಣಲಿಲ್ಲ. ಆದರೆ ಕೆಲವರಿಗೆ ತೂಕಡಿಕೆ, ತಲೆಸುತ್ತು ಬರುತ್ತದೆ. ನೀವು ಯಂತ್ರದ ಮುಂದೆ ನಿಲ್ಲುವವರು, ರಜೆಯ ಹಿಂದಿನ ದಿನ ಶುರು ಮಾಡಿ ಹೇಗಾಗುತ್ತದೆ ನೋಡಿ. ಮೂತ್ರಪಿಂಡದ ತೊಂದರೆ ಇದ್ದರೆ ಮುಂಚೆಯೇ ಹೇಳಿ. ಇನ್ನೊಂದು ಮಾತ್ರೆ ಬುಪ್ರೊಪಿಯಾನ್. ಅದು ಬಿ.ಪಿ. ಏರಿಸಬಹುದು, ಫಿಟ್ಸ್ ಇದ್ದವರಿಗೆ ಕೂಡದು, ಹಾಗಾಗಿ ನಿಮಗೆ ನಾನು ಅದನ್ನು ಮೊದಲ ಆಯ್ಕೆ ಎನ್ನುವುದಿಲ್ಲ. ಇ-ಸಿಗರೇಟ್ ಯಾರಾದರೂ ಹೇಳಿದರೆ, ನಮ್ಮ ದೇಶದಲ್ಲಿ 2019ರಿಂದ ಅದರ ಮಾರಾಟ ನಿಷಿದ್ಧ, ಕದ್ದು ಸಿಗುವುದರಲ್ಲಿ ಏನಿದೆಯೆಂದು ತಿಳಿಯುವ ದಾರಿಯಿಲ್ಲ. ‘ಹರ್ಬಲ್’ ಸಿಗರೇಟಿನಲ್ಲಿ ತಂಬಾಕಿಲ್ಲದಿದ್ದರೂ ಟಾರ್, ಮಾನಾಕ್ಸೈಡ್ ಇದ್ದೇ ಇರುತ್ತವೆ.

ಮನೆಯವರಿಗೊಂದು ಮಾತು. ರೇಗಾಟ ಇನ್ನೂ ಎರಡು ಮೂರು ವಾರ ಇರಬಹುದು. ‘ಸೇದಿದೆಯಾ?’ ಎಂದು ಬಾಯಿ ಮೂಸುವುದರಿಂದ ಪ್ರಯೋಜನವಿಲ್ಲ. ಮಲಗುವ ಕೋಣೆಯ ಲೈಟರ್, ಆ್ಯಶ್‌ಟ್ರೇ, ಹಳೆಯ ಜಾಕೆಟ್ಟಿನ ಜೇಬು ಖಾಲಿ ಮಾಡಿದರೆ ಪ್ರಯೋಜನವಿದೆ. ಬೆಳಗಿನ ಮೊದಲ ಹತ್ತು ನಿಮಿಷ ನಿಮ್ಮ ಪಾಲಿಗೆ ಅತಿ ಕಠಿಣ, ಅಷ್ಟರಲ್ಲಿ ಸ್ನಾನಕ್ಕೆ ಕಳಿಸಲಿ. ಮಂಕು ನಾಲ್ಕು ವಾರಕ್ಕೂ ಇಳಿಯದಿದ್ದರೆ, ಬದುಕೇ ಬೇಡವೆನಿಸಿದರೆ ಆಗಲೇ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ.

ಗುಂಪು ನಾಲ್ಕೇ ಜನರದ್ದು, ಮುಂದೆ ನಿಂತು ನಡೆಸುವ ಅನುಭವಿಗಳು ನಿಮ್ಮಲ್ಲಿಲ್ಲ. ಅದಕ್ಕೊಂದು ದಾರಿ ನಿಮ್ಮ ಪ್ಯಾಕೆಟ್ಟಿನ ಮೇಲೇ ಅಚ್ಚಾಗಿರುತ್ತಿತ್ತು: 1800-11-2356, ತಂಬಾಕು ಬಿಡಿಸುವ ರಾಷ್ಟ್ರೀಯ ಸಹಾಯವಾಣಿ, ಕರೆ ಉಚಿತ. ಅದರ ಕೇಂದ್ರಗಳಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಒಂದು, ಕನ್ನಡದಲ್ಲೇ ಮಾತಾಡುತ್ತಾರೆ, ಆಮೇಲೆ ಅವರೇ ತಿರುಗಿ ಕರೆದು ವಿಚಾರಿಸುತ್ತಾರೆ. ನಾಲ್ವರೂ ಬೇರೆ ಬೇರೆಯಾಗಿ ಕರೆ ಮಾಡಿ. ಕೈಯಲ್ಲಿ ಮೂರು ವಿವರ ಇರಲಿ: ಎದ್ದ ಎಷ್ಟು ನಿಮಿಷಕ್ಕೆ ಮೊದಲನೆಯದು, ದಿನಕ್ಕೆಷ್ಟು, ಈಗ ನುಂಗುತ್ತಿರುವ ಮಾತ್ರೆಗಳ ಹೆಸರು. ಆರನೇ ದಿನ ಸೇದಿದವರು ‘ಆರನೇ ದಿನ ಸೇದಿದೆ’ ಎಂದೇ ಹೇಳಲಿ. ಅಲ್ಲಿ ಕೂತವರು ಅದನ್ನು ದಿನಾ ಕೇಳುತ್ತಾರೆ.